ಅವಳಿ ಬಾಯಿಯ ಮೊದಲ ಹಲ್ಲು

ನಮ್ಮ ಹಳ್ಳಿಗಳಲ್ಲಿ ಕೂಸಿಗೆ ಹಲ್ಲು ಮೂಡಿತೆಂದರೆ ಮೊದಲ ಪ್ರಶ್ನೆ, ಕೆಳಗೋ ಮೇಲೋ ಎಂಬುದು. ಕೆಳ ಒಸಡಿನ ನಡುವೆ ಅಕ್ಕಿನುಚ್ಚಿನಷ್ಟು ಬಿಳುಪು ಕಂಡರೆ ಎಲ್ಲರಿಗೂ ನೆಮ್ಮದಿ. ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಆಗಿಬರದು ಎಂದು ಹಿರಿಯರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹರಪನಹಳ್ಳಿ ಸೀಮೆಯ ಬಾಗಳಿಯಂಥ ಊರಿನಲ್ಲಿ ಮನೆಗೆ ಅವಳಿ ಮಕ್ಕಳು ಬಂದರೆ ಇನ್ನೊಂದು ಚಿಂತೆಯೂ ಕೂಡಿಕೊಳ್ಳುತ್ತದೆ. ಒಂದರ ಬಾಯಲ್ಲಿ ಹಲ್ಲು ಇಣುಕಿದೆ, ಇನ್ನೊಂದರ ಒಸಡು ಇನ್ನೂ ಬೋಳು. ‘ಇವಂಗ ಬಂತು, ಅವಂಗ್ಯಾಕ ಬರ್ಲಿಲ್ಲ?’ ತಾಯಿ ಕೇಳುವ ಈ ಮಾತಿಗೆ ವಿಜ್ಞಾನ ಕೊಡುವ ಉತ್ತರ ಅರ್ಧ ಸರಳ, ಇನ್ನರ್ಧ ಬೆರಗು ಹುಟ್ಟಿಸುವಂಥದ್ದು.

ಸರಳ ಅರ್ಧ ಇದು. ಒಂದೇ ಅಂಡ ಎರಡಾಗಿ ಹುಟ್ಟಿದ ಅವಳಿಗಳಿಗೆ ಜೀನುಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಹೊಟ್ಟೆ ಹಂಚಿಕೊಂಡ ಅಣ್ಣತಮ್ಮಂದಿರು ಅಷ್ಟೇ. ಅವರ ಜೀನುಗಳಲ್ಲಿ ಸರಾಸರಿ ಅರ್ಧ ಮಾತ್ರ ಹೊಂದುತ್ತವೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1980ರ ದಶಕದಿಂದ ಸಂಶೋಧಕರು ನೂರಾರು ಅವಳಿ ಜೋಡಿಗಳ ಬಾಯಿಯ ಅಚ್ಚು ತೆಗೆದು, ಹಲ್ಲು ಹುಟ್ಟಿದ ದಿನಗಳನ್ನು ತಂದೆತಾಯಂದಿರಿಂದ ಬರೆಸಿಕೊಂಡು ನೋಡುತ್ತ ಬಂದಿದ್ದಾರೆ. ಹಾಲುಹಲ್ಲು ಯಾವಾಗ ಹೊರಬರಬೇಕು ಎಂಬುದನ್ನು ಬಹುಪಾಲು ಜೀನುಗಳೇ ನಿಶ್ಚಯಿಸುತ್ತವೆ ಎಂಬುದು ಅಲ್ಲಿ ಕಂಡದ್ದು. ಹಲ್ಲಿನ ಗಾತ್ರ, ದವಡೆಹಲ್ಲಿನ ಮೇಲಿನ ಗುಬ್ಬಿಗಳ ಆಕಾರವೂ ಹಾಗೆಯೇ. ಹಲ್ಲು ತಡವಾದ ಕೂಸಿನ ತಾಯಿ ತನ್ನ ಆರೈಕೆಯಲ್ಲಿ ತಪ್ಪು ಹುಡುಕಿಕೊಳ್ಳಬೇಕಿಲ್ಲ.

ಸೋದರಮಾವನ ವಿಷಯಕ್ಕೆ ಬಂದರೆ, ಮೇಲಿನ ಹಲ್ಲು ಅವನಿಗೆ ಯಾವ ಕೇಡನ್ನೂ ತರುವುದಿಲ್ಲ. ಆದರೆ ಅಳಿಯನ ಹಲ್ಲಿಗೂ ಮಾವನಿಗೂ ನಿಜವಾದ ನಂಟು ಇರಬಲ್ಲದು. 1875ರಲ್ಲಿ ಚಾರ್ಲ್ಸ್ ಡಾರ್ವಿನ್ ಸಿಂಧ್ ಪ್ರಾಂತದ ಒಂದು ಹಿಂದೂ ಮನೆತನದ ಬಗ್ಗೆ ಬರೆದ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕೇ ಸಣ್ಣ ಬಾಚಿಹಲ್ಲು, ಹಿಂದೆ ಎಂಟು ದವಡೆಹಲ್ಲು. ಮೈಮೇಲೆ ಕೂದಲು ಅಪರೂಪ, ಬೇಸಿಗೆ ಬಂದರೆ ಚರ್ಮ ಒಣಗಿ ಒದ್ದಾಟ. ಆ ಮನೆಯ ಹೆಣ್ಣುಮಕ್ಕಳಿಗೆ ಹಲ್ಲೆಲ್ಲ ಸರಿ. ಆದರೆ ಅವರು ಹೆತ್ತ ಗಂಡುಮಕ್ಕಳಲ್ಲಿ ಕೊರತೆ ಮತ್ತೆ ತಲೆ ಎತ್ತುತ್ತಿತ್ತು. ತಂದೆಯಿಂದ ಮಗನಿಗೆ ಅದು ಬಂದದ್ದೇ ಇಲ್ಲ. ಜೀನ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಡಾರ್ವಿನ್ ಈ ದಾರಿಯನ್ನು ಅಷ್ಟು ನಿಖರವಾಗಿ ದಾಖಲಿಸಿದ್ದು ದೊಡ್ಡ ಮಾತು. ಇಂಥ ಕೊರತೆಗೆ ಕಾರಣವಾಗುವ ಜೀನ್ ಎಕ್ಸ್ ವರ್ಣತಂತುವಿನ ಮೇಲೆ ಸಿಕ್ಕಿದ್ದು 1996ರಲ್ಲಿ. ಗಂಡುಮಗುವಿಗೆ ಇರುವ ಒಂದೇ ಎಕ್ಸ್ ತಾಯಿಯದು. ಆ ತಾಯಿಗೂ ಅವಳ ಅಣ್ಣನಿಗೂ ಒಂದು ಎಕ್ಸ್ ಅಜ್ಜಿಯಿಂದ ಬಂದದ್ದು. ಹಾಗಾಗಿ ಅಂಥ ಮನೆಗಳಲ್ಲಿ ಮಗುವಿನ ಬಾಯಿ ಸೋದರಮಾವನ ಬಾಯಿಯನ್ನು ಹೋಲಬಹುದು. ಹಲ್ಲು, ಕೂದಲು, ಬೆವರುಗ್ರಂಥಿ ಮೂರೂ ಮೊಳೆಯಲು ಆ ಒಂದೇ ಜೀನಿನ ಸಂಕೇತ ಬೇಕು ಎಂಬುದನ್ನು ಓದಿದಾಗ, ಸಿಂಧ್‌ನ ಆ ಗಂಡಸರ ಬೇಸಿಗೆಯ ಸಂಕಟ ನನಗೆ ಮೊದಲ ಬಾರಿ ಅರ್ಥವಾಯಿತು.

ಇನ್ನು ಬೆರಗಿನ ಅರ್ಧ. ಜೀನುಗಳೆಲ್ಲ ಒಂದೇ ಆಗಿರುವ ಜೋಡಿಯಲ್ಲೂ ಒಬ್ಬನಿಗೆ ಮೇಲಿನ ಪಕ್ಕದ ಬಾಚಿಹಲ್ಲು ಹುಟ್ಟದೇ ಇರಬಹುದು, ಇನ್ನೊಬ್ಬನಿಗೆ ಸೊಗಸಾಗಿ ಬಂದಿರಬಹುದು. ಒಬ್ಬಳಿಗೆ ಎಡಗಡೆಯ ಹಲ್ಲು ಇಲ್ಲ, ಅವಳ ಅವಳಿಗೆ ಬಲಗಡೆಯದು ಇಲ್ಲ, ಒಬ್ಬರಿಗೊಬ್ಬರು ಕನ್ನಡಿ ಹಿಡಿದ ಹಾಗೆ. ಏಕೆ ಹೀಗೆ? ಜೀನು ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಇಡುವುದಿಲ್ಲ. ಆರನೇ ವಾರದ ಭ್ರೂಣದಲ್ಲಿ ಒಸಡಾಗಬೇಕಾದ ಜಾಗ ದಪ್ಪಗಾಗಿ, ಅಲ್ಲಲ್ಲಿ ಮೊಗ್ಗು ಏಳುತ್ತದೆ. ಒಂದು ಮೊಗ್ಗು ‘ಬೆಳೆ’ ಎನ್ನುವ ಸಂಕೇತವನ್ನೂ, ಪಕ್ಕದ್ದಕ್ಕೆ ‘ತಾಳು’ ಎನ್ನುವ ಸಂಕೇತವನ್ನೂ ಕಳಿಸುತ್ತದೆ. 2007ರಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಇಲಿಯ ಭ್ರೂಣದ ಮೊದಲ ದವಡೆಹಲ್ಲಿನ ಮೊಗ್ಗಿನಿಂದ ಹಿಂದಿನ ತುದಿಯನ್ನು ಕತ್ತರಿಸಿ ಬೇರೆ ಬೆಳೆಸಿದರು. ಮುಂದಿನ ಹಲ್ಲಿನ ಅಡ್ಡಿ ತಪ್ಪಿದ್ದೇ ತಡ, ಹಿಂದಿನವು ಬೇಗ ಹುಟ್ಟಿ ದೊಡ್ಡವಾಗಿ ಬೆಳೆದವು. ಎರಡು ಹಲ್ಲುಗಳ ನಡುವಿನ ಈ ಮಾತುಕತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೊನೆಯ ಮೊಗ್ಗು ಉಳಿಯಬಹುದು, ಕರಗಿಹೋಗಬಹುದು. ಒಂದೇ ಬಸಿರಿನಲ್ಲಿ ಮೈಗೆ ಮೈ ತಾಗಿಸಿ ಮಲಗಿದ ಇಬ್ಬರಿಗೂ ತಂತಮ್ಮದೇ ಆದ ಬಾಯಿ ಸಿಗುವುದು ಹೀಗೆ. ಜೀವ ಇಷ್ಟು ಸಡಿಲವಾಗಿ ಕಟ್ಟಿಯೂ ಇಷ್ಟು ಸರಿಯಾಗಿ ನಿಲ್ಲುತ್ತದಲ್ಲ ಎಂದು ನಾನು ಮತ್ತೆ ಮತ್ತೆ ಅಚ್ಚರಿಪಡುತ್ತೇನೆ.

ಉದುರಿದ ಹಾಲುಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಳಿಗೆಯ ಮೇಲೆ ಎಸೆಯುವ ರೂಢಿ ನಮ್ಮದು. ಆ ಹಲ್ಲನ್ನು ಉದ್ದಕ್ಕೆ ಸೀಳಿ, ಕಾಗದಕ್ಕಿಂತ ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ದಂತಕವಚದಲ್ಲಿ ದಿನಕ್ಕೊಂದರಂತೆ ಗೆರೆಗಳು, ಒಂದೊಂದರ ಅಂತರ ಸುಮಾರು ನಾಲ್ಕು ಮೈಕ್ರಾನ್. ಬಸಿರಿನ ನಾಲ್ಕನೇ ತಿಂಗಳಿಗೆ ಈ ಬರವಣಿಗೆ ಶುರು. ನಡುವೆ ಒಂದು ಕಡೆ ದಟ್ಟವಾದ ಗೆರೆ ಎದ್ದು ಕಾಣುತ್ತದೆ. ಅದು ಹುಟ್ಟಿದ ದಿನ. ಅದರ ಒಳಗಡೆ ಇರುವುದೆಲ್ಲ ತಾಯಿಯ ಹೊಟ್ಟೆಯಲ್ಲಿ ಕಟ್ಟಿದ್ದು, ಹೊರಗಡೆಯದು ಗಾಳಿ ಬೆಳಕಿಗೆ ಬಂದ ಮೇಲಿನದು. ಅವಳಿಗಳ ಹಲ್ಲಿನಲ್ಲಿ ಈ ಗೆರೆ ಇಬ್ಬರಿಗೂ ಒಂದೇ ದಿನದ್ದು. ಅದರಾಚೆಗೆ ಬರಹ ಬೇರೆಬೇರೆ. ಒಬ್ಬನಿಗೆ ಬಂದ ಕಡುಜ್ವರ ಅವನ ಹಲ್ಲಿನಲ್ಲಷ್ಟೇ ಗುರುತು ಬಿಡುತ್ತದೆ. ಮೂಳೆ ತನ್ನನ್ನು ತಾನು ಕರಗಿಸಿ ಮತ್ತೆ ಕಟ್ಟಿಕೊಳ್ಳುತ್ತದೆ, ಚರ್ಮ ಸುಲಿದು ಹೊಸದಾಗುತ್ತದೆ. ದಂತಕವಚ ಕಟ್ಟಿದ ಜೀವಕೋಶಗಳೋ ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ, ತಿದ್ದಲು ಯಾರೂ ಉಳಿದಿರುವುದಿಲ್ಲ. ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಲ್ಲಿ ಹತ್ತನೇ ಶತಮಾನದ ಚಾಲುಕ್ಯ ತೈಲಪನ ಕಾಲದ ಮಾತುಗಳನ್ನು ಇಂದಿಗೂ ಓದಬಹುದು. ಅದೇ ಊರಿನ ಮಾಳಿಗೆಗಳ ಮೇಲೆ ಎಷ್ಟು ಮಕ್ಕಳ ಗರ್ಭದ ದಿನಚರಿ ಬಿದ್ದಿದೆಯೋ!

ಈ ಸೀಮೆಯ ಹಲ್ಲಿನಲ್ಲಿ ಜೀನು ಬರೆಯದ ಒಂದು ಬರಹವೂ ಇದೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಎಳೆಯರು ಕುಡಿದರೆ, ಒಸಡಿನೊಳಗೆ ಇನ್ನೂ ಕಟ್ಟುತ್ತಿರುವ ಕಾಯಂ ಹಲ್ಲಿನ ಕವಚ ಕೆಡುತ್ತದೆ. ಹಲ್ಲು ಹೊರಬಂದಾಗ ಸುಣ್ಣದ ಬಿಳಿಪಟ್ಟೆ, ಮುಂದೆ ಕಂದುಗಲೆ. ದೇಶದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಆಗ ನೆಲ್ಲೂರೂ ಹರಪನಹಳ್ಳಿಯೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಲುಹಲ್ಲಿಗೆ ಈ ಪೆಟ್ಟು ಕಡಿಮೆ, ಅದರ ಸಾಕಷ್ಟು ಭಾಗ ಬಸಿರಿನಲ್ಲೇ ಕಟ್ಟಿರುತ್ತದೆ. ಆದರೆ ತಾಯಿ ಮೊದಲ ಹಲ್ಲಿಗಾಗಿ ಒಸಡು ಸವರಿ ನೋಡುವ ಹೊತ್ತಿಗಾಗಲೇ ಏಳನೇ ವರ್ಷಕ್ಕೆ ಬರಬೇಕಾದ ಹಲ್ಲು ಅದರ ಹಿಂದೆ ಕಟ್ಟತೊಡಗಿರುತ್ತದೆ. ತಾಯಿ ಯಾವ ನೀರು ಕುಡಿದರೂ ಎದೆಹಾಲಿನಲ್ಲಿ ಫ್ಲೋರೈಡ್ ತೀರ ಅಲ್ಪ. ಎರಡು ಕೂಸುಗಳಿಗೆ ಹಾಲು ಸಾಲದಾದಾಗ ಮನೆಯವರು ಡಬ್ಬಿಯ ಪುಡಿಗೆ ಕೈ ಹಾಕುತ್ತಾರೆ, ಮನೆಗೆ ಬರುವ ನೀರನ್ನೇ ಕಾಯಿಸಿ ಕಲಸುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಅವಳಿ ಹೆತ್ತ ಮನೆಗೆ ಶುದ್ಧೀಕರಣ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ದಿನಕ್ಕೊಂದು ಕೊಡ ತಲುಪಿಸುವ ಕೆಲಸವನ್ನು ಆ ಸೋದರಮಾವನೇ ವಹಿಸಿಕೊಳ್ಳಬಹುದು.