ತಕ್ಕಡಿ ಹಿಡಿದ ಕೈ

ಮಳೆಯ ಸಂಜೆ ಬೆಂಗಳೂರಿನ ರಸ್ತೆಬದಿಯಲ್ಲಿ ನಿಂತು ಮೊಬೈಲಿನಲ್ಲಿ ಬಾಡಿಗೆ ಕಾರು ಹುಡುಕಿದವರಿಗೆ ಈ ಅನುಭವ ಹೊಸದಲ್ಲ: ಬೆಳಿಗ್ಗೆ ಕೊಟ್ಟ ದರ ಸಂಜೆಗೆ ಏರಿರುತ್ತದೆ. ದೂರ ಅದೇ, ಕಾರೂ ಅಂಥದ್ದೇ. ಹೆಚ್ಚಿರುವುದು ನಮ್ಮ ಅಗತ್ಯ. ಅನ್ಯರ ಅಗತ್ಯ ಹೆಚ್ಚಿದಾಗ ಬೆಲೆ ಹೆಚ್ಚಿಸುವುದು ನ್ಯಾಯವೇ?

ತೀರ್ಪು ಕೊಡಲು ಅವಸರಪಡುವುದು ಬೇಡ. ಒಂದೆಡೆ ಪ್ರಯಾಣಿಕರು, ಇನ್ನೊಂದೆಡೆ ಚಾಲಕರು. ಇವರನ್ನು ಕೂಡಿಸುವುದೇ ಇಂತಹ ಸಂಸ್ಥೆಯ ಕೆಲಸ. ಮಳೆ ಬಂದಾಗ ಕರೆಯುವವರು ಹೆಚ್ಚುತ್ತಾರೆ, ಬರುವವರು ಸಾಲದಾಗುತ್ತಾರೆ. ದರ ಏರಿದರೆ ಮನೆಗೆ ಹೊರಟ ಚಾಲಕನೂ ಮತ್ತೊಂದು ಬಾಡಿಗೆಗೆ ಒಪ್ಪಿಯಾನು. ಅವಸರವಿಲ್ಲದ ಪ್ರಯಾಣಿಕನು ತುಸು ಕಾದಾನು. ಮಳೆಯಲ್ಲಿ ದುಡಿಯುವವನಿಗೆ ಹೆಚ್ಚು ಕೂಲಿ ಸಲ್ಲುವುದರಲ್ಲಿ ತಪ್ಪೇನಿದೆ?

ಆದರೂ ಈ ಲೆಕ್ಕಾಚಾರಕ್ಕೆ ಕಾಣದಿರುವುದೊಂದಿದೆ. 2014ರ ಡಿಸೆಂಬರ್ 15ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಬಂದೂಕುಧಾರಿಯೊಬ್ಬನು ಕೆಫೆಯೊಂದರಲ್ಲಿದ್ದ ಜನರನ್ನು ಒತ್ತೆಯಿರಿಸಿಕೊಂಡನು. ಗಾಬರಿಗೊಂಡ ಜನರು ನಗರದ ಮಧ್ಯಭಾಗದಿಂದ ಹೊರಡಲು ಮುಂದಾದಾಗ ಊಬರ್ ಸಂಸ್ಥೆಯ ದರಗಳು ತಾವಾಗಿಯೇ ಏರಿದವು; ಕನಿಷ್ಠ ದರವೇ 100 ಆಸ್ಟ್ರೇಲಿಯನ್ ಡಾಲರ್ ಮುಟ್ಟಿತು. ಜನರ ಆಕ್ರೋಶದ ಬಳಿಕ ಸಂಸ್ಥೆಯು ಅಲ್ಲಿಂದ ಹೊರಡುವವರಿಗೆ ಉಚಿತ ಪ್ರಯಾಣ ನೀಡಿತು, ಪಡೆದ ಹಣವನ್ನು ಹಿಂದಿರುಗಿಸಿತು. ಯಂತ್ರಕ್ಕೆ ಕಂಡದ್ದು ಕರೆಗಳ ಸಂಖ್ಯೆ. ಕರೆದವರ ಭಯ ಅದಕ್ಕೆ ಕಾಣಲಿಲ್ಲ. ಸಿನಿಮಾಕ್ಕೆ ಹೊರಟವನನ್ನೂ ಆಸ್ಪತ್ರೆಗೆ ಹೊರಟವಳನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸಿ, ಹಣವುಳ್ಳವರನ್ನು ಮುಂದೆ ಕರೆಯುತ್ತದೆ.

ಇನ್ನೊಂದು ತಟ್ಟೆಯನ್ನೂ ನೋಡೋಣ. ಕರೆಗಳಿಲ್ಲದ ಮಧ್ಯಾಹ್ನ ಚಾಲಕನು ಮರದ ನೆರಳಿನಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ. ಅವನ ಕಾರಿನ ಸಾಲದ ಕಂತು ಕಾಯುವುದಿಲ್ಲ. ಕಾರುಗಳು ಸಾಲದಾದರೆ ಹೊರೆ ಪ್ರಯಾಣಿಕರದು, ಹೆಚ್ಚಾದರೆ ಚಾಲಕರದು. ತಕ್ಕಡಿ ಹಿಡಿದ ಕೈ ಮಾತ್ರ ಕಮಿಷನ್ ರೂಪದಲ್ಲೋ ದಿನದ ಶುಲ್ಕದ ರೂಪದಲ್ಲೋ ತನ್ನ ಪಾಲು ಪಡೆಯುತ್ತದೆ. ಎರಡೂ ಕಡೆಯ ಸ್ಥಿತಿ ಪೂರ್ಣವಾಗಿ ತಿಳಿದಿರುವುದು ಆ ಕೈಗೊಂದೇ. ತಿಳಿದವನ ಹೊಣೆ ತಿಳಿಯದವರ ಹೊಣೆಗಿಂತ ದೊಡ್ಡದು. ದರದ ಏರಿಕೆಗೆ ಮಿತಿಯಿಡುವುದು, ಆಪತ್ತಿನ ವೇಳೆ ಅದನ್ನು ನಿಲ್ಲಿಸುವುದು, ದುಡಿಮೆ ಸಾಲದೆಡೆ ಮತ್ತಷ್ಟು ಚಾಲಕರನ್ನು ಆಸೆ ತೋರಿಸಿ ಸೇರಿಸದಿರುವುದು ಅದರ ಕರ್ತವ್ಯ, ಔದಾರ್ಯವೆಂದು ಹೊಗಳಬೇಕಾದದ್ದಲ್ಲ.

ನಮ್ಮ ಅಂತಃಸಾಕ್ಷಿಯೂ ಇಲ್ಲಿ ಪರೀಕ್ಷೆಗೊಳಗಾಗಬೇಕು. ಕಾರನ್ನು ಕರೆದು, ಅಷ್ಟರಲ್ಲೇ ಇನ್ನೊಂದು ಅಗ್ಗಕ್ಕೆ ಸಿಕ್ಕಿತೆಂದು ಮೊದಲನೆಯದನ್ನು ರದ್ದು ಮಾಡುತ್ತೇವೆ. ನಮಗೆ ಹತ್ತಿಪ್ಪತ್ತು ರೂಪಾಯಿ ಉಳಿಯಿತು. ಅರ್ಧ ದಾರಿ ಬಂದ ಚಾಲಕನ ಪೆಟ್ರೋಲು ಯಾರ ಲೆಕ್ಕಕ್ಕೆ?