ಹದ ಕಾಯುವ ಯಂತ್ರವೂ ಗೃಹಸ್ಥನ ಹೊಣೆಯೂ

ಶೀತೋಷ್ಣಗಳು ದೇಹಕ್ಕೆ ಸಹಜವಾದವು. ಮನೆಯೊಳಗೆ ಅವುಗಳ ಹದವನ್ನು ಕಾಯುವುದು ಗೃಹಸ್ಥನ ಹೊಣೆ. ಹಸುಗೂಸಿನ ತೊಟ್ಟಿಲನ್ನು ಗಾಳಿಯ ದಿಕ್ಕಿನಿಂದ ಸರಿಸುವುದು, ವೃದ್ಧರ ಹಾಸಿಗೆಯ ಬಳಿ ಕಂಬಳಿಯನ್ನಿಡುವುದು, ಮನೆಗೆ ಬಂದ ಜಂಗಮಕ್ಕೆ ಬೇಸಗೆಯಲ್ಲಿ ತಣ್ಣೀರನ್ನೂ ಮಾಗಿಯಲ್ಲಿ ಬಿಸಿನೀರನ್ನೂ ನೀಡುವುದು, ಇವೆಲ್ಲ ಯಾರೂ ವಿಧಿಸದೆಯೇ ನಡೆದುಬಂದ ಆಚಾರಗಳು. ಈಗ ಈ ಹೊಣೆಯ ಒಂದು ಭಾಗವನ್ನು ಯಂತ್ರವು ವಹಿಸಿಕೊಂಡಿದೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ. ಅದು ಕೋಣೆಯ ಉಷ್ಣವನ್ನು ತಾನೇ ಅಳೆದು, ಬೇಕಾದಾಗ ಬಿಸಿಯನ್ನೂ ತಂಪನ್ನೂ ತಾನೇ ಒದಗಿಸುತ್ತದೆ. ಹೀಗೆ ಎಚ್ಚರವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯನಿಗೆ ಉಳಿಯುವುದೇನು? ಅದರಿಂದ ಕಾಯಕಕ್ಕೆ ಲೋಪವುಂಟೇ? ಇದು ವಿಚಾರಯೋಗ್ಯವಾದ ಪ್ರಶ್ನೆ.

ಈ ಯಂತ್ರಕ್ಕೆ ಥರ್ಮೋಸ್ಟ್ಯಾಟ್ ಎಂದು ಹೆಸರು, ಉಷ್ಣನಿಯಂತ್ರಕವೆಂದು ಕರೆಯಬಹುದು. 17ನೆಯ ಶತಮಾನದ ಆದಿಭಾಗದಲ್ಲಿ ಹಾಲೆಂಡ್ ದೇಶದ ಕಾರ್ನೆಲಿಸ್ ಡ್ರೆಬ್ಬೆಲ್ ಎಂಬಾತನು ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಒಲೆಯೊಂದಕ್ಕೆ ತನ್ನ ಶಾಖವನ್ನು ತಾನೇ ಹದದಲ್ಲಿಟ್ಟುಕೊಳ್ಳುವ ಏರ್ಪಾಡನ್ನು ಮಾಡಿದನು. 1883ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವಾರನ್ ಜಾನ್ಸನ್ ಎಂಬಾತನು ಕೊಠಡಿಗಳಿಗೆ ವಿದ್ಯುತ್ತಿನ ಉಷ್ಣನಿಯಂತ್ರಕವನ್ನು ರಚಿಸಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆತನು ಶಿಕ್ಷಕರನ್ನು ತರಬೇತುಗೊಳಿಸುವ ಶಾಲೆಯ ಅಧ್ಯಾಪಕ. ಬೆಂಕಿಯನ್ನು ನೋಡಿಕೊಳ್ಳುವ ಆಳು ಪದೇ ಪದೇ ತರಗತಿಗೆ ಬಂದು ಉಷ್ಣವನ್ನು ನೋಡಿಹೋಗುವುದರಿಂದ ಪಾಠವು ಕೆಡುತ್ತಿದ್ದುದೇ ಆ ಯೋಚನೆಗೆ ಕಾರಣವಾಯಿತು. ಇಂದಿನ ಸ್ಮಾರ್ಟ್ ಥರ್ಮೋಸ್ಟ್ಯಾಟ್ ಇನ್ನೂ ಮುಂದೆ ಹೋಗಿ, ಮನೆಯವರು ಏಳುವ ಮಲಗುವ ಹೊತ್ತನ್ನು ಕಲಿತುಕೊಳ್ಳುತ್ತದೆ. ಫೋನಿನ ಮೂಲಕ ದೂರದಿಂದ ಬಂದ ಆಜ್ಞೆಯನ್ನೂ ನಡೆಸುತ್ತದೆ. ಆದರೂ ಮೂಲತಂತ್ರವು ಒಂದೇ: ಅಳೆಯುವುದು, ಇಟ್ಟ ಅಂಕಿಯೊಡನೆ ಹೋಲಿಸುವುದು, ವ್ಯತ್ಯಾಸ ಕಂಡರೆ ಸರಿಪಡಿಸುವುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಿಗೆ ಈ ತಂತ್ರವು ತೀರ ಹೊಸದಲ್ಲ. ಇಲ್ಲಿ ಉಷ್ಣದ ಅಂಕಿಯನ್ನು ಮೊದಲು ಕಲಿತದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ರೇಷ್ಮೆಹುಳುವಿಗಾಗಿ. ಆ ಹುಳುವಿಗೆ ಸ್ವಂತವಾದ ಮೈಬಿಸಿಯಿಲ್ಲ. ಸುತ್ತಲಿನ ಗಾಳಿಯ ಉಷ್ಣವೇ ಅದರ ಉಷ್ಣ. ಸಾವಿರಾರು ವರ್ಷಗಳಿಂದ ಮನುಷ್ಯನ ಸಾಕಣೆಯಲ್ಲಿಯೇ ಬೆಳೆದ ಆ ಕುಲವು ನೆರಳನ್ನು ಅರಸಿ ಹೋಗುವ ಶಕ್ತಿಯನ್ನೂ ಕಳೆದುಕೊಂಡಿದೆ. ಅದರ ಚಿಟ್ಟೆಗೆ ಹಾರಲು ಸಹ ಬಾರದು. ಸಣ್ಣ ಹುಳುವಿಗೆ 27-28 ಡಿಗ್ರಿ ಉಷ್ಣವೂ ಶೇಕಡ 85ಕ್ಕೆ ಮೇಲ್ಪಟ್ಟ ತೇವವೂ ಬೇಕು. ಬೆಳೆದಂತೆಲ್ಲ ಎರಡೂ ಇಳಿಯುತ್ತ, ಐದನೆಯ ಹಂತದಲ್ಲಿ 24 ಡಿಗ್ರಿ ಉಷ್ಣ, ಶೇಕಡ 70ರಷ್ಟು ತೇವ ಸಾಕಾಗುತ್ತದೆ. ಬೇಸಗೆಯ ಹಗಲಲ್ಲಿ ರಾಮನಗರದ ಬಂಡೆಬೆಟ್ಟಗಳು ಕಾದು ಬಿಸಿಯುಸಿರು ಬಿಡುವಾಗಲೂ, ಮಾಗಿಯ ರಾತ್ರಿಯಲ್ಲಿ ನೆಲ ತಣ್ಣಗಾಗುವಾಗಲೂ ಈ ಹದವು ತಪ್ಪಬಾರದು.

ಇದನ್ನು ಹಿಂದೆ ಕಾಯುತ್ತಿದ್ದವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಹುಳುವೂ ಮನುಷ್ಯರೂ ಒಂದೇ ಸೂರಿನಡಿಯಲ್ಲಿದ್ದ ಕಾಲದಲ್ಲಿ, ಚಳಿಗೆ ಇದ್ದಿಲ ಒಲೆಯನ್ನು ಹೊತ್ತಿಸಿ, ಸೆಕೆಗೆ ಒದ್ದೆ ಗೋಣಿಯನ್ನು ಕಿಟಕಿಗೆ ಕಟ್ಟಿ, ನಡುರಾತ್ರಿಯಲ್ಲಿ ಎದ್ದು ಸೊಪ್ಪು ಹಾಕಿ, ತಟ್ಟೆಯ ಮೇಲೆ ಕೈಯಾಡಿಸಿ ಹದವನ್ನು ನೋಡುತ್ತಿದ್ದರು. ಹುಳುವು ಪೊರೆ ಕಳಚುವುದನ್ನು ಇಲ್ಲಿಯ ಜನ ಜ್ವರವೆನ್ನುವರು. ನಾಲ್ಕು ಜ್ವರಗಳನ್ನು ದಾಟಿದರೆ ಹುಳು ಹಣ್ಣಾಗಿ ಚಂದ್ರಿಕೆಯನ್ನೇರುವುದು. ಈಗ ಪ್ರತ್ಯೇಕವಾದ ಹುಳುಮನೆಗಳು ಬಂದಿವೆ. ಚಾಕಿ ಸಾಕಾಣಿಕಾ ಕೇಂದ್ರಗಳಲ್ಲಿಯೂ ಅನುಕೂಲಸ್ಥರ ಹುಳುಮನೆಗಳಲ್ಲಿಯೂ ಬಿಸಿಗಾಳಿಯ ಯಂತ್ರ, ಹನಿಮಂಜನ್ನು ಸೂಸುವ ಯಂತ್ರ, ಅವೆರಡನ್ನೂ ಆಳುವ ಉಷ್ಣನಿಯಂತ್ರಕ, ಇವು ಕಾಣಬರುತ್ತಿವೆ.

ಇಲ್ಲಿ ಎರಡು ಪಕ್ಷಗಳು ಏಳುತ್ತವೆ. ತನ್ನ ಕೈಯಿಂದಲೇ ನಡೆದದ್ದು ಕಾಯಕ. ಎಚ್ಚರವನ್ನು ಯಂತ್ರಕ್ಕೆ ಕೊಟ್ಟು ಮಲಗಿದವನು ಕಾಯಕವನ್ನೇ ಮಾರಿಕೊಂಡಂತೆ ಎಂಬುದು ಒಂದು ಪಕ್ಷ. ಯಂತ್ರವು ಮನುಷ್ಯನಿಗಿಂತ ಸೂಕ್ಷ್ಮವಾಗಿ ಅಳೆಯುವುದರಿಂದ ಮನುಷ್ಯನಿಗೆ ಇನ್ನು ಹೊಣೆಯೇ ಇಲ್ಲವೆಂಬುದು ಇನ್ನೊಂದು ಪಕ್ಷ. ಎರಡೂ ಅರ್ಧಸತ್ಯಗಳು.

ಮೊದಲನೆಯದನ್ನು ನೋಡುವುದಾದರೆ, ನಿದ್ದೆಗೇಡು ತಾನಾಗಿಯೇ ಕಾಯಕವಲ್ಲ. ಯಾರ ನಿದ್ದೆ ಕೆಡುತ್ತಿತ್ತೆಂಬುದನ್ನು ಕೇಳದೆ ಹಳೆಯ ಎಚ್ಚರವನ್ನು ಹೊಗಳುವುದು ನ್ಯಾಯವೂ ಅಲ್ಲ. ಇದ್ದಿಲ ಹೊಗೆಯ ವಿಷವಾಯುವನ್ನು ಕುಡಿದವಳು ಗೃಹಿಣಿ. ರೇಷ್ಮೆಗೂಡಿನ ಹಣವನ್ನು ಎಣಿಸಿದವನು ಯಜಮಾನ. ಹುಳುವಿನ ಜ್ವರದ ದಿನವನ್ನು ಬೆರಳೆಣಿಸಿ ಹೇಳಬಲ್ಲ ಮನೆಯಲ್ಲಿಯೇ ಕೂಸಿನ ಜ್ವರವು ಮರುದಿನದವರೆಗೆ ಕಾಣದೆ ಹೋಗುವುದೂ ಉಂಟು. ಏಕೆಂದರೆ ಎಚ್ಚರವಾಗಿರಬೇಕಾದವಳು ಒಬ್ಬಳೇ, ಕಾಯಬೇಕಾದದ್ದು ಹಲವು. ಅಂಥ ಮನೆಗೆ ಬಂದ ಯಂತ್ರವು ಅವಳ ಬೆನ್ನಿನ ಹೊರೆಯನ್ನು ಇಳಿಸಿದರೆ ಅದು ಕಾಯಕದ ಲೋಪವಲ್ಲ, ಬಹುದಿನದ ಸಾಲವೊಂದರ ತೀರಿಕೆ. ಹೆಣ್ಣನ್ನು ಗಂಡಿಗೆ ಸಮನೆಂದು ಬಗೆದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಇದರಲ್ಲಿ ಸಂದೇಹವಿರಕೂಡದು.

ಆದರೆ ಎರಡನೆಯ ಪಕ್ಷವೂ ನಿಲ್ಲದು. ಯಂತ್ರವು ಅಂಕಿಯನ್ನು ಬಲ್ಲುದು, ಹುಳುವನ್ನು ಅರಿಯದು. ಅದರ ಕಣ್ಣು ತೂಗುಬಿದ್ದ ಜಾಗದ ಉಷ್ಣವನ್ನಷ್ಟೇ ಅದು ಹೇಳುತ್ತದೆ. ಮೇಲಿನ ಅಂತಸ್ತು ಬಿಸಿಯೇರಿ ಕೆಳಗಿನದು ತಣ್ಣಗಿರುವುದು ಅದಕ್ಕೆ ಕಾಣದು. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ನಿಶ್ಚಲವಾಗಿರುವುದನ್ನೂ, ಸೊಪ್ಪು ಹಸಿಯಾಗಿರುವುದನ್ನೂ, ಹಾಲುತೊಂಡೆಯ ರೋಗದಿಂದ ಮೈ ಉಬ್ಬಿದ ಒಂದು ಹುಳು ತಟ್ಟೆಯಂಚಿಗೆ ಹರಿದು ಬಂದುದನ್ನೂ, ಊಜಿ ನೊಣವು ಒಳನುಗ್ಗಿದುದನ್ನೂ ಕಾಣಲು ಕಣ್ಣುಳ್ಳವರೇ ಬೇಕು. ವಿದ್ಯುತ್ತು ನಿಂತರೆ ಯಂತ್ರವೂ ನಿಲ್ಲುವುದು. ಒದ್ದೆ ಗೋಣಿಯ ವಿದ್ಯೆಯನ್ನು ಮರೆತ ಮನೆಯಲ್ಲಿ ಅಂದಿನ ಬೆಳೆಯು ಉಳಿಯುವುದು ಕಷ್ಟ. ಅಳತೆಯು ಅರಿವಿಗೆ ಸಹಾಯಕವೇ ಹೊರತು ಅರಿವಿನ ಸ್ಥಾನದಲ್ಲಿ ಕೂರತಕ್ಕುದಲ್ಲ.

ಇನ್ನೂ ಗಹನವಾದ ಮಾತೊಂದಿದೆ. ಅಂಕಿಗೆ ಉದ್ದೇಶವಿಲ್ಲ. ಇಪ್ಪತ್ತೈದು ದಿನ ಒಂದೆರಡು ಡಿಗ್ರಿಯೂ ತಪ್ಪದಂತೆ ಹುಳುವನ್ನು ಪೊರೆದ ಶಾಖವೇ, ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಮಾರಾಟವಾದ ಮೇಲೆ, ಒಳಗಿನ ಕೋಶವು ಚಿಟ್ಟೆಯಾಗಿ ನೂಲನ್ನು ಕಡಿಯದಂತೆ ಅದನ್ನು ಕೊಲ್ಲುತ್ತದೆ. ಗೂಡನ್ನು ಒಣಗಿಸುವ ಯಂತ್ರದಲ್ಲಿಯೂ ಇಂಥದೇ ಉಷ್ಣನಿಯಂತ್ರಕವುಂಟು. ಅಲ್ಲಿ ಅದು ನೂರು ಡಿಗ್ರಿಗೂ ಮೀರಿದ ಬಿಸಿಗಾಳಿಯನ್ನು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಪೊರೆಯುವ ಬಿಸಿಗೂ ಕೊಲ್ಲುವ ಬಿಸಿಗೂ ಭೇದವು ಅದಕ್ಕೆ ತಿಳಿಯದು. ಆ ಭೇದವನ್ನು ಹೊರಬೇಕಾದವನು ಮನುಷ್ಯ. ರೇಷ್ಮೆಯಿಂದ ಅನ್ನವನ್ನು ಕಾಣುವ ಸಾವಿರಾರು ಮನೆಗಳನ್ನು ದೂಷಿಸುವುದು ಸುಲಭ, ರೇಷ್ಮೆಯನ್ನುಟ್ಟು ದೂಷಿಸುವುದು ಇನ್ನೂ ಸುಲಭ. ಆದರೆ ಹುಳುವನ್ನು ಸಾಕಿದುದಕ್ಕೆ ದಯೆಯೆಂದು ಹೆಸರಿಟ್ಟು ಸಮಾಧಾನಗೊಳ್ಳುವುದೂ ಸಲ್ಲದು. ಒಂದು ಜೀವದ ಋಣವನ್ನು ಹೊತ್ತು ಬದುಕುತ್ತಿದ್ದೇವೆಂಬ ಎಚ್ಚರವನ್ನು ಯಾವ ಯಂತ್ರಕ್ಕೂ ಒಪ್ಪಿಸಲಾಗದು.

ಹುಳುಮನೆಯಲ್ಲಿ ಕಂಡ ಈ ಸತ್ಯವು ವಾಸದ ಮನೆಗೂ ಸಲ್ಲುತ್ತದೆ. ಪೇಟೆಯ ಮನೆಗಳಲ್ಲಿ ಹವಾನಿಯಂತ್ರಕಗಳು ಹೆಚ್ಚುತ್ತಿವೆ. ಸ್ಟಾರ್ ಗುರುತಿನ ಕೊಠಡಿ ಹವಾನಿಯಂತ್ರಕಗಳು ಮೊದಲಿಗೆ 24 ಡಿಗ್ರಿಗೆ ನಿಗದಿಯಾಗಿರಬೇಕೆಂದು ಭಾರತ ಸರಕಾರವು 2020ರ ಜನವರಿ 1ರಿಂದ ವಿಧಿಸಿದೆ. ಐದನೆಯ ಹಂತದ ಹುಳುವಿಗೆ ಬೇಕಾದ ಅಂಕಿಯೂ ಅದೇ. ಅಂಕಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಒಂದು ಕೋಣೆಯ ತಂಪು ಬೀದಿಗೆ ಬಿಸಿಯಾಗಿ ಹೊರಬೀಳುತ್ತದೆ. ಆ ಬೀದಿಯಲ್ಲಿ ತಳ್ಳುಗಾಡಿಯವನು ನಿಂತಿರುತ್ತಾನೆ. ಹೀಗಿರುವಾಗ ಗೋಡೆಯ ಮೇಲಿನ ಅಂಕಿಯು ಒಬ್ಬನ ಸುಖದ ಮಾತು ಮಾತ್ರವಲ್ಲ, ದಾಸೋಹದ ಮಾತೂ ಹೌದು.

ಈ ಸೀಮೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಉಷ್ಣನಿಯಂತ್ರಕವಿಲ್ಲದೆ ಚಳಿಗಾಲವೇ ಕಳೆಯದು. ಖರ್ಚು ಹಿತವಾಗಲೆಂದು ಅಲ್ಲಿ ಮನೆಯನ್ನು 68 ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿಯ ಸುಮಾರಿನಲ್ಲಿಡುವುದು ವಾಡಿಕೆ. ದುಡಿಯುವ ಮಗನಿಗೆ ಅದು ಹಿತವಾಗಿರಬಹುದು. ಮಾಗಡಿಯಿಂದ ಹೋದ ತಾಯಿಗೆ ಮಾಗಿಯ ಮುಂಜಾವಿನ ಚಳಿ. ಮುಪ್ಪಿನಲ್ಲಿ ದೇಹವು ಶಾಖವನ್ನು ಹುಟ್ಟಿಸುವ ಶಕ್ತಿಯೂ ಕುಂದುವುದು. ಯಂತ್ರವು ಮಗನ ದಿನಚರಿಯನ್ನು ಕಲಿತಿದೆ, ಹಗಲಿನಲ್ಲಿ ಅಂಕಿಯನ್ನು ಇನ್ನೂ ಇಳಿಸುತ್ತದೆ. ತಾಯಿಗೆ ಅದನ್ನು ಮುಟ್ಟಲು ಅಂಜಿಕೆ, ಹೇಳಲು ಸಂಕೋಚ. ಸೆರಗನ್ನು ಹೊದ್ದು ಕುಳಿತಿರುತ್ತಾಳೆ. ಇಲ್ಲಿ ಯಂತ್ರದ ದೋಷವೇನೂ ಇಲ್ಲ. ಅದು ಇಟ್ಟ ಅಂಕಿಯನ್ನು ತಪ್ಪದೆ ನಡೆಸಿದೆ. ಅಂಕಿಯನ್ನು ಇಡುವ ಮುನ್ನ ಆಕೆಯನ್ನು ಕೇಳಬೇಕಾಗಿತ್ತೆಂಬುದಷ್ಟೇ ಉಳಿದ ಮಾತು. ಹಿಂದೆ ಬೆಂಕಿಯ ಬಳಿ ಕುಳಿತವನಿಗೆ ಎದುರಿನವರ ನಡುಕವು ತಾನಾಗಿಯೇ ಕಾಣುತ್ತಿತ್ತು. ಈಗ ಕೇಳಿದರೆ ಮಾತ್ರ ತಿಳಿಯುವುದು.

ಆದುದರಿಂದ ಯಂತ್ರವು ಹೊಣೆಯನ್ನು ತೆಗೆದುಹಾಕಿಲ್ಲ, ಅದರ ಸ್ಥಾನವನ್ನು ಬದಲಿಸಿದೆ. ಒಲೆಯ ಮುಂದೆ ಇದ್ದ ಎಚ್ಚರವು ಈಗ ಎರಡು ಪ್ರಶ್ನೆಗಳಲ್ಲಿ ನೆಲೆಸಬೇಕು. ಈ ಅಂಕಿ ಯಾರಿಗಾಗಿ? ಇದರಿಂದ ಉಳಿದ ಹೊತ್ತು ಯಾರಿಗೆ? ಮೊದಲನೆಯದನ್ನು ಕೇಳದ ಮನೆಯಲ್ಲಿ ಯಂತ್ರವು ಯಜಮಾನನ ಇಚ್ಛೆಯನ್ನೇ ಎಲ್ಲರ ಮೇಲೆ ಹೇರುವ ಸಾಧನವಾಗುವುದು. ಎರಡನೆಯದನ್ನು ಕೇಳದ ಮನೆಯಲ್ಲಿ ಉಳಿದ ಹೊತ್ತು ಹೇಗೆ ಬಂದಿತೋ ಹಾಗೆಯೇ ಸೋರಿಹೋಗುವುದು. ಹುಳುಮನೆಯಿಂದ ಬಿಡುವಾದ ರಾತ್ರಿಯಲ್ಲಿ ಗೃಹಿಣಿಗೆ ನಿದ್ದೆ ದೊರೆಯಲಿ, ಕೂಸಿನ ಹಣೆಯ ಮೇಲೆ ಕೈಯಿಟ್ಟು ನೋಡುವ ಸರದಿಯು ಗಂಡನಿಗೆ ಬರಲಿ, ವೃದ್ಧರ ಕೋಣೆಯ ಬಾಗಿಲಲ್ಲಿ ಮಗನು ನಿಂತು ಚಳಿಯೇ ಎಂದು ವಿಚಾರಿಸಲಿ. ಅಷ್ಟಾದರೆ ಆ ಯಂತ್ರವು ಸದ್ಭಕ್ತರ ಮನೆಯಲ್ಲಿ ಸಾರ್ಥಕವಾಗುವುದು.