ಗುರುತು ಹೇಳಬೇಕಾದವರು ಯಾರು?

ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲೋ ಬೆಳ್ತಂಗಡಿಯ ಮದುವೆ ಹಾಲ್‌ನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಹಿರಿಯರು ಎದುರಾದರೆ ನಮ್ಮ ಬಾಯಿಗೆ ಬರುವ ಮೊದಲ ಮಾತು: "ಅಜ್ಜಾ, ನನ್ನ ಗುರ್ತ ಸಿಕ್ಕಿತಾ?" ಕೇಳುವುದು ಪ್ರೀತಿಯಿಂದಲೇ. ಆದರೆ ನಾಲ್ಕು ಜನರ ಮುಂದೆ ಎಂಬತ್ತು ದಾಟಿದವರಿಗೆ ಅದು ಪರೀಕ್ಷೆ. ಅವರು ಕಣ್ಣು ಕಿರಿದು ಮಾಡಿ "ಎಲ್ಲಿಯೋ ನೋಡಿದ ಹಾಗುಂಟು" ಎನ್ನುತ್ತಾರೆ. ಅಜ್ಜನಿಗೆ ಮರೆವು ಬಂತೆಂದು ನಾವು ನಗುತ್ತೇವೆ.

ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಗುರುತು ಹಿಡಿಯುವುದರಲ್ಲಿ ಎರಡು ಕೆಲಸಗಳಿವೆ ಎನ್ನುತ್ತದೆ ಮನಶ್ಶಾಸ್ತ್ರ. ಇದು ಕಂಡ ಮುಖ ಎಂದು ಅನ್ನಿಸುವುದು ಒಂದು. ಯಾರು, ಎಲ್ಲಿ, ಯಾವಾಗ ಎಂದು ನೆನಪಾಗುವುದು ಇನ್ನೊಂದು. ವಯಸ್ಸಾದಂತೆ ಮೊದಲನೆಯದು ಬಹುಮಟ್ಟಿಗೆ ಉಳಿಯುತ್ತದೆ, ಎರಡನೆಯದು ಸೊರಗುತ್ತದೆ. ಮುಖವೂ ಗೊತ್ತು, ಹೆಸರೂ ಗೊತ್ತು. ಈ ಹೆಸರು ಈ ಮುಖದ್ದು ಎಂಬ ನಂಟು ಮಾತ್ರ ಸಡಿಲ. 2000ದಲ್ಲಿ ಮೋಶೆ ನಾವೆ-ಬೆಂಜಮಿನ್ ಎಂಬ ಸಂಶೋಧಕರು ಮುಂದಿಟ್ಟ ವಿಚಾರವೂ ಇದೇ.

ಬದಲಾದವರು ಅಜ್ಜ ಒಬ್ಬರೇ ಅಲ್ಲ. ವೇಣೂರಿನ ಬಾಹುಬಲಿಗೆ 2012ರಲ್ಲಿ ಮಹಾಮಸ್ತಕಾಭಿಷೇಕವಾದಾಗ ಯಾರದೋ ಬೆರಳು ಹಿಡಿದಿದ್ದ ಹುಡುಗ 2024ರ ಅಭಿಷೇಕಕ್ಕೆ ಮೀಸೆ ಹೊತ್ತು ಬಂದಿರುತ್ತಾನೆ. 1604ರಿಂದ ನಿಂತ ವಿಗ್ರಹದ ಮುಖ ಅದೇ, ಹುಡುಗನದ್ದು ಅದಲ್ಲ. ಆದರೂ ಮರೆತ ಅಪವಾದ ಅಜ್ಜನ ಮೇಲೆ! ನಿಜದಲ್ಲಿ "ಗುರ್ತ ಸಿಕ್ಕಿತಾ?" ಎಂಬ ಪ್ರಶ್ನೆ ಅಳೆಯುವುದು ಅವರ ನೆನಪನ್ನಲ್ಲ. ಅವರ ಮನಸ್ಸಿನಲ್ಲಿ ನಮಗೆಷ್ಟು ಜಾಗವಿದೆ ಎಂಬುದನ್ನು.

ಹೀಗೆ ಪರೀಕ್ಷಿಸುವುದರಲ್ಲಿ ಅಪಾಯವೂ ಉಂಟು. ಕಾಣದ ಮುಖವನ್ನೂ ಕಂಡದ್ದೆಂದು ಭಾವಿಸುವುದು ಇಳಿವಯಸ್ಸಿನಲ್ಲಿ ಹೆಚ್ಚು. "ಗುರ್ತ ಸಿಕ್ಕಲಿಲ್ವಾ, ನಾನು ನಿಮ್ಮ ಸಂಬಂಧಿ" ಎಂದು ಅಂಗಳಕ್ಕೆ ಬಂದ ವಂಚಕನಿಗೂ ಅವರು ಸಂಕೋಚದಿಂದ "ಹೌದೌದು" ಅಂದುಬಿಡಬಹುದು. ಗುರುತು ಸಿಗದಿರುವುದು ನಾಚಿಕೆಯ ವಿಷಯವೆಂದು ಅವರಿಗೆ ಕಲಿಸಿದವರು ನಾವೇ.

ಬೇರೆ ದಾರಿ ನಮ್ಮ ಸೀಮೆಯಲ್ಲೇ ಇದೆ. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವರು ಪೀಠಿಕೆಯಲ್ಲಿ ತಾನು ಯಾರೆಂದು ವಿಸ್ತಾರವಾಗಿ ಹೇಳಿಕೊಳ್ಳುತ್ತಾರೆ. ಕರ್ಣ ಯಾರಿಗೆ ಗೊತ್ತಿಲ್ಲ? ಆದರೂ ಗುರುತು ಹೇಳುವ ಹೊಣೆ ಸಭೆಯದ್ದಲ್ಲ, ಬಂದವನದ್ದು. ಹಳಬರು "ಯಾವ ಮನೆಯವ? ಯಾರ ಮಗ?" ಎಂದು ಕೇಳುವುದೂ ಬರೀ ಕುತೂಹಲದಿಂದಲ್ಲ. ಮನೆಯ ಹೆಸರು ಸಿಕ್ಕಿದರೆ ಅಪ್ಪ, ಅಜ್ಜ, ಗದ್ದೆ, ಹಳೆಯ ಮದುವೆ ಎಲ್ಲ ಒಂದರ ಹಿಂದೊಂದು ಬರುತ್ತವೆ. ತಾನಾಗಿ ಹೊಳೆಯದ್ದು ಸುಳಿವು ಸಿಕ್ಕರೆ ಹೊಳೆಯುತ್ತದೆ.

ಗುರುತು ಸಿಗದಿರುವುದಕ್ಕೆ ಕಣ್ಣಿನ ಪೊರೆ, ಕಿವಿಯ ಮಂದತೆ ಕಾರಣವೇ ಎಂದೂ ನೋಡಬೇಕು. ದಿನವೂ ಜೊತೆಗಿರುವ ಮನೆಯವರ ಗುರುತೇ ತಪ್ಪತೊಡಗಿದರೆ, ಪ್ರಾಯದ ಮೇಲೆ ಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಳಿದಂತೆ ನಮ್ಮ ಕೆಲಸ ಸುಲಭ: ಎದುರು ನಿಂತು ಹೆಸರು, ಮನೆ, ಅಪ್ಪನ ಹೆಸರು ಹೇಳಿ, ಆಮೇಲೆ ಮಾತು ಶುರುಮಾಡುವುದು. ನೆನಪಿನಲ್ಲಿ ಉಳಿಯಬೇಕೆಂಬ ಆಸೆ ನಮ್ಮದಾದರೆ, ನೆನಪಿಸುವ ಶ್ರಮವೂ ನಮ್ಮದೇ ಇರಲಿ.